ಎದುರು ತಂಡಕ್ಕೆ ಕೊಟ್ಟ ಪಾಸ್

ನನ್ನ ಗಂಡ ಫುಟ್‌ಬಾಲಿನಲ್ಲಿ ನಡುಮೈದಾನದ ಆಟಗಾರ. ಗೋಲು ಹೊಡೆಯುವವನೂ ಅಲ್ಲ, ತಡೆಯುವವನೂ ಅಲ್ಲ. ಹಿಂದಿನವರಿಂದ ಚೆಂಡು ಈಸಿಕೊಂಡು ಮುಂದಿನವರಿಗೆ ತಲುಪಿಸುವವನು. ಥೇಟ್ ಮನೆಯ ಹಿರೀಸೊಸೆಯ ಕೆಲಸ ಎಂದು ನಾನು ರೇಗಿಸುತ್ತಿದ್ದೆ. ಬೆಳಗಿನಿಂದ ಎಲ್ಲರಿಗೂ ಬಡಿಸಬೇಕು, ಹೆಸರು ಮಾತ್ರ ಇನ್ಯಾರಿಗೋ. ಇವನೂ ನಗುತ್ತಿದ್ದ. ಆದರೆ ಆ ಭಾನುವಾರ ನಗುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಬೆಳಗಿನಿಂದ ಇವನು ಕೂತಲ್ಲಿ ಕೂರಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆಯುವುದು, ಏನೂ ತೆಗೆದುಕೊಳ್ಳದೆ ಮುಚ್ಚುವುದು. ಕಿಟಕಿಯ ಹತ್ತಿರ ಹೋಗುವುದು, ಅಲ್ಲಿಂದ ಸೀದಾ ಬಚ್ಚಲಿಗೆ. ಕಾಫಿ ಕೊಟ್ಟರೆ ಕುಡಿಯುವಷ್ಟರಲ್ಲಿ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿದ. ಚೆಂಡು ಬರುವ ಮೊದಲು ಹಿಂದೆ ಯಾರಿದ್ದಾರೆಂದು ನೋಡಿಟ್ಟುಕೊಳ್ಳುವುದು ಅವರ ಕಸುಬಿನ ಚಾಳಿ. ಆದರೆ ಅಡುಗೆಮನೆಯಲ್ಲಿ ಹಿಂದೆ ಯಾರಿರುತ್ತಾರೆ, ಸಿಂಕು!

"ಒಂದ್ ಕಡೆ ಕೂತ್ಕೋತೀಯಾ, ಇಲ್ಲ ಕಾಲು ಕಟ್ಟಿಹಾಕ್ಲಾ?" ಎಂದೆ.

"ಕೂತ್ರೆ ಅದೇ ಕಾಣತ್ತೆ ಕಣೇ," ಎಂದ.

ಅದು ಎಂದರೆ ಶನಿವಾರದ ಸೆಮಿಫೈನಲ್ ಆಟ. ಎದುರಿಗಿದ್ದದ್ದು ಇವನ ಹಳೆಯ ಕ್ಲಬ್ಬು. ಹನ್ನೊಂದು ವರ್ಷ ಅಲ್ಲಿ ಬೆವರು ಸುರಿಸಿದ್ದ. ಹೋದ ವರ್ಷ, ವಯಸ್ಸಾಯಿತು ಎಂದು ಕೈಕುಲುಕಿ ಕಳಿಸಿದರು. ಈಗಿನದು ಸಣ್ಣ ಕ್ಲಬ್ಬು. ಆ ಹಳೆಯ ಕ್ಲಬ್ಬಿನಲ್ಲಿ ಗೋಲು ಹೊಡೆಯುವವನು ನನ್ನ ಸ್ವಂತ ತಮ್ಮ. ಕಡ್ಡಿಕಾಲು, ನೆಗೆದರೆ ಹಿಡಿಯಲಾಗದು. ಚಿಕ್ಕಂದಿನಿಂದ ಅವನಿಗೆ ಮಿಡತೆ ಎಂದೇ ಹೆಸರು. ಇವನನ್ನು ಮೊದಲು ನಮ್ಮ ಮನೆಗೆ ಊಟಕ್ಕೆ ಕರೆತಂದವನೇ ಅವನು. ಆಮೇಲೆ ಇವನು ತಮ್ಮನಿಲ್ಲದ ಹೊತ್ತು ನೋಡಿ ತಾನೇ ಬರತೊಡಗಿದ. ಮದುವೆಯಾಯಿತು.

ಆಟ ಮುಗಿಯಲು ಸ್ವಲ್ಪವೇ ಬಾಕಿ, ಎರಡೂ ಕಡೆ ಸಮ. ಚೆಂಡು ಇವನ ಕಾಲಿಗೆ ಬಂತು. ಇವನು ತಲೆ ಎತ್ತಿದ, ನಮ್ಮದೇ ತಂಡದ ಇಬ್ಬರು ರಕ್ಷಕರ ನಡುವಿನಿಂದ ಚೆಂಡನ್ನು ಹಿಂದಕ್ಕೆ ನುಗ್ಗಿಸಿದ. ಅದು ಓಡಿ ಬರುತ್ತಿದ್ದ ಮಿಡತೆಯ ಕಾಲಿಗೇ ಹೋಗಿ ಸೇರಿತು. ಗೋಲು. ಇವರಿಬ್ಬರ ಇಂಥ ನೂರಾರು ಗೋಲು ನೋಡಿದ್ದ ನಾನು ಅಭ್ಯಾಸಬಲದಿಂದ ಎದ್ದು ಚಪ್ಪಾಳೆಗೆ ಕೈ ಎತ್ತಿಬಿಟ್ಟೆ. ಪಕ್ಕದಲ್ಲಿದ್ದ ನಮ್ಮ ಗೋಲ್‌ಕೀಪರನ ಹೆಂಡತಿ ನುಂಗುವ ಹಾಗೆ ನೋಡಿದಳು. ಆಮೇಲೆ ಇಡೀ ಮೈದಾನ ಇವನ ಮೇಲೆ ಬಿತ್ತು.

ರಾತ್ರಿಯಾಗುವಷ್ಟರಲ್ಲಿ ಭಾವ ಭಾಮೈದ ಸೇರಿ ಆಟ ಮಾರಿದರು ಎಂದು ಊರೆಲ್ಲ ಮಾತು. ಯಾರೋ ನನ್ನನ್ನು ಕೂಗಿ ಚೆಂಡು ಕೇಳಿದರು, ನಮ್ಮವರೇ ಅಂದುಕೊಂಡು ಕೊಟ್ಟೆ ಎಂದು ಇವನು ತರಬೇತುದಾರನಿಗೆ ಹೇಳಿದ್ದ. "ಯಾರು ಅಂತ ಮಂಗಳವಾರ ಬಂದು ಹೇಳು," ಎಂದಿದ್ದ ಅವನು. ಇನ್ನೊಂದು ವರ್ಷದ ಕರಾರು ಸಹಿಗೆ ಕಾಯುತ್ತಿತ್ತು. ಅದು ಹೋದರೆ ಮೂವತ್ತೈದರ ಕಾಲುಗಳನ್ನು ಯಾರೂ ಕೇಳುವುದಿಲ್ಲ, ಅದರಲ್ಲೂ ಮಾರಿಕೊಂಡವನು ಎಂಬ ಹೆಸರು ಹೊತ್ತ ಕಾಲುಗಳನ್ನು.

"ಯಾರು ಕೂಗಿದ್ದು? ನನ್ನ ಹತ್ರನಾದ್ರೂ ಬಾಯಿ ಬಿಡು," ಎಂದು ದುಂಬಾಲು ಬಿದ್ದೆ.

ಗೋಡೆ ನೋಡುತ್ತ ಹೇಳಿದ: "ನಿನ್ ತಮ್ಮ. 'ಭಾವಾ, ಕೊಡು' ಅಂದ."

ನನ್ನ ಮೈಯೆಲ್ಲ ಉರಿದುಹೋಯಿತು. ಎದುರಾಳಿಯನ್ನು ಹಾಗೆ ಕೂಗಿ ಮೋಸಗೊಳಿಸುವುದು ಆಟದಲ್ಲಿ ತಪ್ಪು, ಶಿಕ್ಷೆ ಉಂಟು. ಹೆಸರು ಹೇಳಿದರೆ ಮಿಡತೆ ಮುಂದಿನ ವಾರದ ಫೈನಲ್ ಆಡುವಂತಿಲ್ಲ. ಆಡದಿದ್ದರೆ ಆಡದಿರಲಿ! ಒಡಹುಟ್ಟಿದವಳ ಸಂಸಾರಕ್ಕೆ ಬೆಂಕಿ ಇಟ್ಟು ಅವನಿಗೆ ಕಪ್ ಗೆಲ್ಲಬೇಕೇ?

ಸೋಮವಾರ ಕೆಲಸಕ್ಕೆ ಹೋದೆ. ನಾನು ಕಟ್ಟುಹಲ್ಲು ಮಾಡುವ ಪ್ರಯೋಗಾಲಯದಲ್ಲಿ ಅಚ್ಚು ಹೊಯ್ಯುವವಳು. ಬಟ್ಟಲಲ್ಲಿ ಪ್ಲಾಸ್ಟರು ಕಲಸುತ್ತಿದ್ದಾಗ ಹಲ್ಲಿಗೆ ಬಣ್ಣ ಹಚ್ಚುವವಳು, "ಏನಮ್ಮಾ, ಹೊಸ ಮನೆಗೆ ಯಾವಾಗ ಹೋಗೋದು?" ಎಂದಳು. ಎಲ್ಲರೂ ಕಿಸಕ್ಕೆಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದದ್ದು ಅಂದೆ, ಅವಳೂ ಬಿಡಲಿಲ್ಲ. ಜಗಳ ಮುಗಿಯುವಷ್ಟರಲ್ಲಿ ಪ್ಲಾಸ್ಟರು ಬಟ್ಟಲಲ್ಲೇ ಕಲ್ಲಾಗಿತ್ತು. ಏಪ್ರನ್ ಬಿಚ್ಚಿ ಬಿಸಾಕಿ ನೇರ ತಮ್ಮನ ಮನೆಗೆ ಹೋದೆ.

ಅವನು ಊಟದ ಮೇಜಿನ ಮುಂದೆ ತಲೆಯ ಮೇಲೆ ಟವೆಲ್ ಹೊದ್ದು ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದ. ನಾನು ಕೂರಲೂ ಇಲ್ಲ.

"ನಾಚಿಕೆ ಆಗಲ್ವೇನೋ ನಿಂಗೆ? ಅವನು ಅಣ್ಣನಿಗಿಂತ ಹೆಚ್ಚು ಅಂತಿದ್ಯಲ್ಲ! ಅವನ ಅನ್ನಕ್ಕೇ ಕಲ್ಲು ಹಾಕ್ದೆಯಲ್ಲೋ!"

ಉಸಿರು ತೆಗೆದುಕೊಳ್ಳಲು ನಾನು ನಿಲ್ಲಿಸಿದಾಗ ಅವನು ಟವೆಲ್ ಸರಿಸಿದ. ಬಾಯಿ ಆಡಿತು, ದನಿ ಬರಲಿಲ್ಲ. ಗಾಳಿಯಷ್ಟೇ ಬಂತು. "ಅಕ್ಕಾ, ನಂಗೆ ಗಂಟಲೇ ಇಲ್ಲ."

"ಶುಕ್ರವಾರದಿಂದ ಹೀಗೇ, ಅತ್ತಿಗೆ," ಎಂದಳು ಅವನ ಹೆಂಡತಿ. "ನನ್ನನ್ನ ಚಪ್ಪಾಳೆ ತಟ್ಟಿ ಕರೀತಾ ಇದಾರೆ, ಹೋಟ್ಲು ಮಾಣಿನ ಕರೆದ ಹಾಗೆ."

ನಾನು ಕುರ್ಚಿಯ ಮೇಲೆ ಕುಸಿದೆ. ನನ್ನ ಗಂಡನ ಕಿವಿಗೆ ಕೇಳಿದ್ದೇನು ಹಾಗಾದರೆ? ತಲೆ ಕೆಟ್ಟಿದೆಯೆ? ಯೋಚಿಸಲು ಪುರುಸೊತ್ತಿರಲಿಲ್ಲ, ಮಂಗಳವಾರ ನಾಳೆಯೇ. ಮಾನ ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟೆ.

"ಆದ್ರೂ ಕೂಗ್ದೆ ಅಂತ ಹೇಳೋ. ನಂಗೋಸ್ಕರ."

ಅವನ ಹೆಂಡತಿಯ ಮುಖ ಕಪ್ಪಿಟ್ಟಿತು. "ಫೈನಲ್ ಅತ್ತಿಗೆ ಅದು. ಇಷ್ಟು ವರ್ಷದಲ್ಲಿ ಇದೇ ಮೊದಲನೇದು."

ಮಿಡತೆ ಬಟ್ಟಲಿನ ನೀರನ್ನೇ ನೋಡುತ್ತ ಕೂತ. ಆಮೇಲೆ ಆಗಲಿ ಎಂದು ತಲೆ ಆಡಿಸಿದ. ನಾನು ಅವಳ ಮುಖ ನೋಡದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಇವನು ಒಂದೇ ಷೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಸುತ್ತುತ್ತಿದ್ದಾಗ ಮಿಡತೆ ಬಂದ.

"ನಾನೂ ಬರ್ತೀನಿ ಭಾವ," ಎಂದು ಪಿಸುಗುಟ್ಟಿದ. "ನಾನೇ ಕೂಗಿದ್ದು ಅಂತ ಹೇಳ್ತೀನಿ."

ಇವನು ನಿಂತ. ಅವನನ್ನು ನೋಡಿದ, ನನ್ನನ್ನು ನೋಡಿದ. ಇವನಿಗೆ ಎಲ್ಲ ಅರ್ಥವಾಯಿತು.

"ಯಾವ ಗಂಟಲಲ್ಲಿ ಕೂಗ್ದೆಯೋ? ಆಟಕ್ಕೆ ಮುಂಚೆ ಕೈಕುಲುಕ್ದಾಗ್ಲೇ ನಿನ್ನ ದನಿ ಸತ್ತಿತ್ತು."

"ಅಂದ್ರೆ ನಿಂಗೊತ್ತಿತ್ತಾ?" ನಾನು ಕಿರುಚಿದೆ. "ಗೊತ್ತಿದ್ದೂ ನನ್ನ ತಮ್ಮನ ಮೇಲೆ ಹಾಕ್ದೆಯಾ? ನಾನು ನಾಯಿ ಥರ ಹೋಗಿ ಅವನ ಕಾಲು ಹಿಡಿದು ಬಂದೆನಲ್ಲೋ, ಪಾಪಿ!"

"ಹೆದರಿದ್ದೆ ಕಣೇ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ." ಷೂ ಕೆಳಗಿಟ್ಟ. "ಯಾರೂ ಕೂಗ್ಲಿಲ್ಲ. ಇವನು ಓಡ್ದ, ಅಷ್ಟೇ. ನಂಗೆ ಯಾವ ಬಣ್ಣದ ಅಂಗೀನೂ ಕಾಣ್ಲಿಲ್ಲ, ಆ ಓಟ ಕಾಣ್ತು. ಈ ಒಂದ್ ವರ್ಷ ನಾನು ಕೊಟ್ಟ ಕಡೆಗೆಲ್ಲ ಯಾರೂ ಓಡ್ಲಿಲ್ಲ. ನಾನು ಕೊಡೋದು, ಚೆಂಡು ಸುಮ್ನೆ ಗೆರೆ ದಾಟಿ ಹೋಗೋದು, ಹುಡುಗ್ರು ನನ್ನ ಮುಖ ನೋಡೋದು. ಇವನು ಓಡ್ದ. ಕೊಟ್ಟೆ."

ಮಿಡತೆಯ ಕಣ್ಣು ತುಂಬಿತು. "ಒಳ್ಳೇ ಪಾಸು ಭಾವ," ಎಂದ, ಆ ಇಲ್ಲದ ದನಿಯಲ್ಲಿ.

"ಈ ವರ್ಷ ಕೊಟ್ಟಿದ್ರಲ್ಲಿ ಅದೊಂದೇ ಸರಿಯಾಗಿದ್ದಿದ್ದು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. "ಹೀಗಂತ ಹೇಳಿದ್ರೆ ಯಾರು ನಂಬ್ತಾರೆ?" ಎಂದೆ.

"ನಂಬ್ದೇ ಇರ್ಲಿ." ತಮ್ಮನ ಭುಜ ಒತ್ತಿ ಕುರ್ಚಿಯಲ್ಲಿ ಕೂರಿಸಿದ. "ನೀನು ತೆಪ್ಪಗೆ ಫೈನಲ್ ಆಡು." ಒಬ್ಬನೇ ಹೋದ.

ಮಧ್ಯಾಹ್ನ ಮರಳಿ ಬಂದಾಗ ಮೈದಾನದ ಬೀರುವಿನಲ್ಲಿದ್ದ ಬಟ್ಟೆ, ಕಾಲಿಗೆ ಸುತ್ತುವ ಪಟ್ಟಿ, ಹಳೆಯ ಬೂಟು ಎಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿದ್ದ.

"ನಂಬ್ಲಿಲ್ವಾ?"

"ನಂಬ್ದ. ಒಂದೊಂದ್ ಮಾತನ್ನೂ ನಂಬ್ದ ಕೋಚು. ನಾನು ಮಾರಿಕೊಂಡಿಲ್ಲ ಅಂತ ಪೇಪರಿನವ್ರಿಗೂ ತಾನೇ ಹೇಳ್ತಾನಂತೆ." ನೀರು ಕುಡಿದ. "ಆಮೇಲೆ ಕರಾರಿನ ಕಾಗದ ಸಹಿ ಇಲ್ದೆ ಒಳಗಿಟ್ಟು ಹೇಳ್ದ: 'ದುಡ್ಡಿಗೆ ಮಾಡಿದ್ರೆ ಹೆದರ್ಸಿ ಬಿಡಿಸ್ಬಹುದಿತ್ತು ಮಾರಾಯಾ. ಇದನ್ನ ಹೇಗೆ ಬಿಡಿಸ್ಲಿ? ಅವನು ಮತ್ತೆ ಓಡಿದ್ರೆ ನೀನು ಮತ್ತೆ ಕೊಡ್ತೀಯ.'"

"ನೀನೇನಂದೆ?"

"ಇಲ್ಲ ಅನ್ನೋಣ ಅಂತ ಬಾಯಿ ತೆಗ್ದೆ. ಬರ್ಲಿಲ್ಲ ಕಣೇ."