ಬಾಗಿಲಲ್ಲಿ ನಿಲ್ಲಬೇಡಿ

ಈ ಸೊಸೆ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಪ್ಪಾ ಎಂದು ಅತ್ತೆ ಅಂದುಕೊಳ್ಳದ ದಿನವಿರಲಿಲ್ಲ. ಸೊಸೆ ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ಗಂಟಲು ಮನೆಗೆ ಬಂದ ಮೇಲೂ ಇಳಿಯುತ್ತಿರಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರೆ, "ಬಾಗ್ಲಲ್ಲಿ ನಿಲ್ಬೇಡಿ, ಒಳಗೆ ನಡೀರಿ, ಜಾಗ ಇದೆ!" ಎಂದು ಕೂಗಿ ತಾನೇ ನಗುವವಳು. ಅತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ಅವರದು ಬೇರೆ ಜಾಯಮಾನ. ಅಂಗಡಿಯವನು ಕೊಳೆತ ಟೊಮೆಟೊ ಹಾಕಿದರೂ ತುಟಿಪಿಟಕ್ಕೆನ್ನದೆ ತರುವವರು. ಅದನ್ನು ಹಿಡಿದು ಹೋಗಿ, ಅಂಗಡಿಯವನ ನೀರಿಳಿಸಿ, ಒಳ್ಳೆಯದನ್ನು ತರುವವಳು ಸೊಸೆ.

ಅಂಥವಳು ಸುಮ್ಮನಾದಳು. ಏನಾಯಿತು ಎಂದರೆ ಏನೂ ಆಗಿರಲಿಲ್ಲ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಮೊಳೆಗೆ ತೂಗುತ್ತಿತ್ತು, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. "ಸುಮ್ನಿದಾಳೆ ತಾನೆ, ಇರ್ಲಿ ಬಿಡಮ್ಮ" ಎಂದ ಮಗ. ಗಂಡಸರಿಗೆ ಮನೆಯಲ್ಲಿ ಸದ್ದಿಲ್ಲದಿದ್ದರೆ ಎಲ್ಲ ಸರಿಯಿದೆ ಎಂದೇ ಲೆಕ್ಕ. ಆದರೆ ಒಂದು ಮಧ್ಯಾಹ್ನ ಅತ್ತೆ ಅವಳ ತಲೆ ಬಾಚುತ್ತಿದ್ದಾಗ ಅವಳು ಮೆಲ್ಲಗೆ, "ಅತ್ತೆ, ನಾನಿಲ್ದೇ ಹೋದ್ರೆ ನಿಮಗೆಲ್ಲ ಹಗುರ ಅಲ್ವಾ?" ಎಂದುಬಿಟ್ಟಳು. ಅತ್ತೆಯ ಕೈಯಲ್ಲಿನ ಬಾಚಣಿಗೆ ಅಲ್ಲೇ ನಿಂತಿತು.

ಬೀದಿಯ ಡಾಕ್ಟರು, ಮನೋವೈದ್ಯರನ್ನೇ ಕಾಣಿಸಿ, ತಡ ಮಾಡಬೇಡಿ ಎಂದರು. ಸರ್ಕಾರಿ ವಿಮೆ ಕಾರ್ಡ್ ಇತ್ತಲ್ಲ, ಅತ್ತೆ ವಿಮೆ ಕಚೇರಿಗೇ ಫೋನ್ ಮಾಡಿದರು. ಅವರು ಕೊಟ್ಟ ಡಾಕ್ಟರುಗಳ ಪಟ್ಟಿಯ ಮೊದಲ ನಂಬರನ್ನು ಟೈಲ್ಸ್ ಅಂಗಡಿಯವರು ಎತ್ತಿದರು. ಎರಡನೆಯ ಡಾಕ್ಟರು ಊರು ಬಿಟ್ಟು ಯಾವ ಕಾಲವಾಗಿತ್ತೋ. ಮತ್ತೊಂದು ಕಡೆ, "ಈ ಕಾರ್ಡಲ್ಲಿ ಕಣ್ಣು ನೋಡ್ತೀವಿ, ಹಲ್ಲು ನೋಡ್ತೀವಿ, ಮನಸ್ಸು ನೋಡಲ್ಲ" ಎಂದರು. ಕಾರ್ಡ್ ಕೊಟ್ಟವರಿಗೆ ಬಡವರಿಗೂ ಮನಸ್ಸೊಂದು ಇರುತ್ತದೆಂದು ಹೊಳೆದಿರಲಿಲ್ಲವೇನೋ! ಉಳಿದದ್ದು ಒಂದೇ ಕ್ಲಿನಿಕ್. ಅತ್ತೆ ಫೋನ್ ಮಾಡುವ ಗೋಜಿಗೇ ಹೋಗಲಿಲ್ಲ. ಸೊಸೆಯ ಮುಖ ತೊಳೆಸಿ, ಕೈಹಿಡಿದು ಹೊರಟರು.

ಕ್ಲಿನಿಕ್ಕಿನ ಗಾಜಿನ ಬಾಗಿಲ ಮೇಲೆ 'ಸರ್ಕಾರಿ ವಿಮೆ ಕಾರ್ಡಿಗೆ ಇಲ್ಲಿ ಚಿಕಿತ್ಸೆ' ಎಂಬ ಚೀಟಿ ಅಂಟಿತ್ತು. ಅದನ್ನು ನಂಬಿ ಬಂದ ಬಡಗಿಯೊಬ್ಬ ಆಗಲೇ ಕಾರ್ಡನ್ನು ಜೇಬಿಗೆ ತುರುಕುತ್ತಾ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಸಾಲು ಸಾಲು ಕುರ್ಚಿ ಖಾಲಿ.

"ಈ ಕಾರ್ಡಿನ ಹೊಸಬರಿಗೆ ಜಾಗ ಇಲ್ಲಮ್ಮ" ಎಂದಳು ಕೌಂಟರಿನ ಹುಡುಗಿ.

"ಬಾಗ್ಲ ಮೇಲೆ ಬರ್ದಿದೀರಲ್ಲ?"

"ಅದು ಹಳೇದು."

"ಹಳೇದಾದ್ರೆ ಕಿತ್ತು ಬಿಸಾಕ್ಬೇಕಿತ್ತು."

ಮಾತು ಬಾಯಿಂದ ಬಿದ್ದ ಮೇಲೆ ಅತ್ತೆಗೇ ಗಾಬರಿಯಾಯಿತು. ಇದು ತಮ್ಮ ಮಾತಲ್ಲ, ಸೊಸೆಯದು. ಇಷ್ಟು ವರ್ಷ ಕಿವಿ ಮುಚ್ಚಿಕೊಂಡು ಕೇಳಿದ್ದೆಲ್ಲ ಹೊಟ್ಟೆಯಲ್ಲಿ ಜೋಪಾನವಾಗಿ ಕೂತಿತ್ತು.

"ದುಡ್ಡು ಕೊಟ್ಟು ತೋರಿಸೋದಾದ್ರೆ ಇವತ್ತೇ ಆಗುತ್ತೆ" ಎಂದಳು ಹುಡುಗಿ ದನಿ ತಗ್ಗಿಸಿ.

"ಹಾಗಾದ್ರೆ ಜಾಗ ಇದೆ!" ಅತ್ತೆ ಕೌಂಟರ್ ಕುಟ್ಟಿದರು. "ಜಾಗ ಇಟ್ಕೊಂಡು ಇಲ್ಲ ಅಂತೀಯಾ? ನನ್ನ ಸೊಸೆ ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ದಾಗ್ಲೂ ಯಾರನ್ನೂ ಬಿಟ್ಟು ಬಂದೋಳಲ್ಲ ಕಣೇ!"

ಗಲಾಟೆಗೆ ಡಾಕ್ಟರಮ್ಮ ತಮ್ಮ ಕೋಣೆಯ ಬಾಗಿಲು ತೆರೆದು ಅಡ್ಡ ನಿಂತರು. ವಿಷಯ ಕೇಳಿ, "ನೋಡಿಮ್ಮ, ವಿಮೆಯವರು ವರ್ಷಗಟ್ಟಲೆ ಬಿಲ್ ಪಾಸ್ ಮಾಡಲ್ಲ. ನಿಮಗೆ ಹೂಂ ಅಂದ್ರೆ ನಾಳೆ ಎಲ್ರೂ ಇದೇ ಕಾರ್ಡ್ ಹಿಡ್ಕೊಂಡು ಬರ್ತಾರೆ" ಎಂದರು.

"ಬರ್ಲಿ! ಬರೋರು ಕಾಯಿಲೆಯೋರು, ಕಳ್ಳರಲ್ಲ. ನಿಮ್ಮ ಬಿಲ್ಲಿನ ಜಗಳ ವಿಮೆಯೋರ ಹತ್ರ ಆಡಿ. ನೀವು ಇವಳನ್ನ ನೋಡೋವರೆಗೂ ನಾನು ಇಲ್ಲಿಂದ ಕದಲಲ್ಲ."

ಅಷ್ಟಕ್ಕೆ ಅತ್ತೆಯ ಸರಕು ಮುಗಿಯಿತು. ಜಗಳ ಆಡಿ ರೂಢಿಯಿಲ್ಲ. ಕಣ್ಣು ತುಂಬಿತು. ಸಹಾಯಕ್ಕೆಂದು ತಿರುಗಿದರೆ ಅಲ್ಲಿದ್ದವಳು ಸೊಸೆ ಒಬ್ಬಳೇ. ಅವಳು ಅತ್ತೆಯ ಕುಟ್ಟಿ ಕೆಂಪಾದ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿದಳು.

"ಬಾಗ್ಲಲ್ಲಿ ನಿಲ್ಬೇಡಿ ಮೇಡಂ" ಎಂದಳು. ಗಂಟಲು ತುಕ್ಕು ಹಿಡಿದಂತಿತ್ತು. "ಒಳಗೆ ನಡೀರಿ."

ಓದುವ ಕಾಲದಲ್ಲಿ ಡಾಕ್ಟರಮ್ಮನೂ ಬಸ್ಸಿನಲ್ಲಿ ಓಡಾಡಿದವರೇ ಇರಬೇಕು. ಒಳಕ್ಕೆ ಸರಿದರು. ಬಾಗಿಲು ಖಾಲಿಯಾಯಿತು. ಸೊಸೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಒಳಗೆ ಹೋದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಟ್ಟ ಸದ್ದು ಕೇಳಿದ ಮೇಲೆಯೇ ಅತ್ತೆ ಉಸಿರು ಬಿಟ್ಟರು. ಮೆಟ್ಟಿಲ ಕಡೆ ತಿರುಗಿ, "ಅಲ್ಯಾಕಪ್ಪ ನಿಂತಿದೀಯ, ನೀನೂ ಒಳಗೆ ಬಾ, ಜಾಗ ಇದೆ" ಎಂದು ಬಡಗಿಯನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ಕೌಂಟರಿನ ಹುಡುಗಿ ಮುಖ ಸಿಂಡರಿಸಿದಳು. "ಡಾಕ್ಟರನ್ನೇ ಗದರಿಸ್ತಾರೆ. ಇಷ್ಟು ಜೋರಿರೋರಿಗೆ ಏನು ಕಾಯಿಲೆ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ಅವಳ ಪಿಸುಮಾತು ಕಣಮ್ಮ. ವಾಸಿಯಾದ್ಮೇಲೆ ಕರ್ಕೊಂಡು ಬರ್ತೀನಿ, ಆವಾಗ ಕೇಳುವಂತೆ."