ಒಂಬತ್ತು ವರ್ಷ ಎಲ್ಲೂ ಹೋಗಿರಲಿಲ್ಲ

ವರ್ಗಾವಣೆ ಆದೇಶ ಕೈಗೆ ಬಂದ ದಿನ, ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ಕಾಗದವನ್ನು ಪೂರ್ತಿ ಓದುವವರು ಯಾರು ಹೇಳಿ? ನಮ್ಮ ನರ್ಸಮ್ಮನೂ ಓದಲಿಲ್ಲ. ತೋರಿಸಿದ ಕಡೆ ಸಹಿ ಹಾಕಿ, ಕಾಯಿಲೆಯ ಗಂಡನನ್ನೂ ಮಗಳನ್ನೂ ಕರೆದುಕೊಂಡು ಈ ಊರಿಗೆ ಬಂದುಬಿಟ್ಟರು.

ಅದಾಗಿ ನಾಲ್ಕು ವರ್ಷ. ಈಗ ಗಂಡ ತೀರಿಹೋಗಿ ಇಪ್ಪತ್ತು ದಿನಕ್ಕೆ ಅವರು ಆಸ್ಪತ್ರೆಯ ಕಚೇರಿಗೆ ಬಂದಿದ್ದರು. ಸೇವಾ ಪುಸ್ತಕದಲ್ಲಿ ನಾಮಿನಿ ಎಂದಿದ್ದ ಕಡೆ ಗಂಡನ ಹೆಸರು ತೆಗೆಸಿ ಮಗಳ ಹೆಸರು ಬರೆಸಬೇಕಿತ್ತು. ವಾರ್ಡಿನಲ್ಲಿ ತೀರಿಹೋದ ಎಷ್ಟೋ ಜನರ ಕಣ್ಣು ಮುಚ್ಚಿಸಿದ ಕೈ ಅದು. ಆ ಅರ್ಜಿಯನ್ನು ಎರಡು ಸಲ ಮಡಚಿ ಬಿಚ್ಚಿ, ಕೊನೆಗೆ ಮೇಜಿನ ಮೇಲಿಟ್ಟಿತು.

ಗುಮಾಸ್ತೆ ಹೊಸಬಳು, ಪುಟ ಬಿಡದೆ ಓದುವವಳು. ಹೆಸರು ಬದಲಿಸಿದ ಮೇಲೂ ಪುಸ್ತಕ ಮುಚ್ಚಲಿಲ್ಲ.

“ಅಕ್ಕಾ, ಎರಡು ವರ್ಷದ ಹಿಂದೆ ಹೆಡ್ ನರ್ಸ್ ಬಡ್ತಿಗೆ ಅರ್ಜಿ ಕರೆದಿದ್ರು. ನೀವ್ಯಾಕೆ ಹಾಕಲಿಲ್ಲ?”

“ಹತ್ತು ವರ್ಷ ಸರ್ವಿಸ್ ಬೇಕಿತ್ತು ಕಣಮ್ಮ. ನನಗಿಲ್ಲಿ ಆಗ ಬರೀ ಎರಡು.”

“ಹಿಂದಿನ ಊರಲ್ಲಿ ಒಂಬತ್ತು ವರ್ಷ ಮಾಡಿದೀರಲ್ಲ?”

“ಅದೆಲ್ಲ ಹೋಯ್ತು. ನಾನೇ ಕೇಳ್ಕೊಂಡು ಬಂದ ವರ್ಗಾವಣೆ. ಇವರಿಗೆ ಡಯಾಲಿಸಿಸ್ ಇಲ್ಲೇ ಆಗಬೇಕಿತ್ತು. ಇಲ್ಲಿನ ಹಿರಿತನದ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಯವಳಾಗಿ ಇರ್ತೀನಿ ಅಂತ ಬರೆದುಕೊಟ್ಟೆ.”

“ಬಿಟ್ಟುಕೊಟ್ಟಿದ್ದು ಸಾಲಿನಲ್ಲಿ ನಿಮ್ಮ ಜಾಗ ಅಕ್ಕ, ಮಾಡಿದ ಕೆಲಸ ಅಲ್ಲ. ಬಡ್ತಿಗೆ ಎಷ್ಟು ವರ್ಷ ಆಗಿದೆ ಅಂತ ನೋಡುವಾಗ ನಮ್ಮ ಇಲಾಖೆಯಲ್ಲಿ ಆ ಒಂಬತ್ತೂ ಸೇರುತ್ತೆ.”

“ಸುಮ್ನಿರಮ್ಮ. ಹಾಗಿದ್ದಿದ್ರೆ ಯಾರಾದ್ರೂ ಹೇಳ್ತಿರಲಿಲ್ವಾ?”

“ನೀವು ಕೇಳಿದ್ರಾ?”

ಕೇಳಬೇಕಿತ್ತು. ಕೇಳಿರಲಿಲ್ಲ.

ಗುಮಾಸ್ತೆ ನಿಯಮದ ಪುಸ್ತಕ ತಂದು ಬೆರಳಿಟ್ಟು ತೋರಿಸಿದಳು. “ಆವತ್ತು ಪಟ್ಟಿಯಲ್ಲಿ ನಿಮಗಿಂತ ಮೇಲಿದ್ದವರಿಗೆ ಯಾರಿಗೂ ಹತ್ತು ವರ್ಷ ಆಗಿರಲಿಲ್ಲ. ಅರ್ಹರಿಲ್ಲ ಅಂತ ಹುದ್ದೆ ಖಾಲಿ ಬಿಟ್ಟಿದಾರೆ. ಇವತ್ತಿಗೂ ಖಾಲಿ.”

ನರ್ಸಮ್ಮ ಆ ಸಾಲನ್ನು ಎರಡು ಸಲ ಓದಿದರು. ಹೆಡ್ ನರ್ಸಿಗೆ ರಾತ್ರಿ ಪಾಳಿ ಇಲ್ಲ. ಈ ಎರಡು ವರ್ಷವೂ ಅವರು ತಿಂಗಳಿಗೆ ಹತ್ತು ರಾತ್ರಿ ಬೇರೆಯವರ ನಾಡಿ ನೋಡುತ್ತ ಕಳೆದಿದ್ದರು. ಗಂಡನ ಉಸಿರು ನಿಂತದ್ದೂ ಅಂಥದೊಂದು ರಾತ್ರಿಯೇ. ಹದಿಮೂರು ವರ್ಷದ ಮಗಳೊಬ್ಬಳೇ ಪಕ್ಕದಲ್ಲಿದ್ದಳು. “ಅಮ್ಮ ಬಂದಳಾ?” ಎಂದು ಅಪ್ಪ ಎರಡು ಸಲ ಕೇಳಿದರಂತೆ.

“ಒಂದು ಹಾಳೆ ಬರೆದಿದ್ದಿದ್ರೆ ನಾನು ಮನೇಲಿರ್ತಿದ್ದೆ,” ಎಂದರು. ಗುಮಾಸ್ತೆ ನೀರಿನ ಲೋಟ ಅವರ ಕಡೆ ಸರಿಸಿದಳು.

“ಈಗಲಾದ್ರೂ ಬರೀರಿ ಅಕ್ಕ.”

“ಈಗ ಯಾರಿಗೋಸ್ಕರ? ಕಾಯ್ತಿದ್ದವರೇ ಹೋದ್ರು.”

ಸಂಜೆ ಮಗಳಿಗೂ ಅದನ್ನೇ ಹೇಳಿದರು. ಮಗಳು ಹತ್ತಿರ ಬಂದು ಕೂತಳು.

“ಅಮ್ಮ, ನೀನು ನೈಟ್ ಡ್ಯೂಟಿಗೆ ಹೋದಾಗ ಅಪ್ಪನ ಮಂಚ ಕಾಣದ ಹಾಗೆ ಗೋಡೆ ಕಡೆ ತಿರುಗಿ ಮಲಗ್ತೀನಿ. ಲೈಟ್ ಆರಿಸೋಕೆ ಭಯ. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ನಾನೂ ಕಾಯ್ತೀನಮ್ಮ.”

ನರ್ಸಮ್ಮ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಟ್ರಂಕಿನ ತಳದಿಂದ ಹಳೆಯ ಆದೇಶಗಳನ್ನು ತೆಗೆದರು. ಮಗಳು ತಾರೀಖು ಓದಿ ಹೇಳಿದಳು, ಅವರು ಅರ್ಜಿ ಬರೆದರು. ಬೆಳಿಗ್ಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದರು.

ಐದನೇ ತಿಂಗಳಿಗೆ ಬಡ್ತಿ ಆದೇಶ ಬಂತು. ಅಂದು ಮಗಳು ತಾನೇ ಎದ್ದು ಲೈಟ್ ಆರಿಸಿ, ಅಮ್ಮನ ಪಕ್ಕ ಬಂದು ಮಲಗಿದಳು.

ವರ್ಗವಾಗಿ ಬಂದವರೇ, ನಾಳೆಯೇ ನಿಮ್ಮ ಸೇವಾ ಪುಸ್ತಕ ಕೇಳಿ ನೋಡಿ. ಹಳೆಯ ಊರಿನ ವರ್ಷಗಳು ಅದರಲ್ಲಿ ಸರಿಯಾಗಿ ದಾಖಲಾಗಿವೆಯೇ? ಅಧಿಕಾರಿಯ ಸಹಿ ಇದೆಯೇ? ಇಲಾಖೆಗೊಂದು ನಿಯಮ ಇರುತ್ತದೆ. ಆದ್ದರಿಂದ ಅವರಿವರ ಮಾತು ನಂಬಿ ಕೂರಬೇಡಿ. ಬಡ್ತಿಗೆ ಹಿಂದಿನ ಸೇವೆ ಸೇರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನಿಮ್ಮ ಮನೆಯಲ್ಲೂ ಯಾರೋ ಕಾಯುತ್ತಿದ್ದಾರೆ. ಅವರು ಇರುವಾಗಲೇ ಕೇಳಿ.