ಇನ್ನೂರ ಐವತ್ತೇಳನೆಯ ಎಳೆ

ನನ್ನ ಅವ್ವನ ಕೈ ಕೆಟ್ಟಿದೆ ಎಂದು ನೇಕಾರರ ಸಂಘದ ಮ್ಯಾನೇಜರ್ ಶಿವಶಂಕರಪ್ಪ ರಿಜಿಸ್ಟರಿನಲ್ಲಿ ಬರೆದಾಗ ನಾನು ಅವರ ಮುಂದೆಯೇ ನಿಂತಿದ್ದೆ. ಮೈ ಉರಿದುಹೋಯಿತು. ನಾರಾಯಣಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಅಂಚಿನ ಸೀರೆ ನೇಯುತ್ತಿರುವ ಕಿಷ್ಟಮ್ಮನಿಗೆ ಇನ್ನು ಮೇಲೆ ಅಂಚಿನ ಕೆಲಸ ಇಲ್ಲವಂತೆ, ಬರೀ ಸಾದಾ ಸೀರೆಯಂತೆ! ಅವ್ವ ತುಟಿ ಬಿಚ್ಚಲಿಲ್ಲ. ಅವಳ ಪಾಲಿನದನ್ನೂ ನಾನೇ ಕೂಗಾಡಿದೆ, ಏನೂ ಉಪಯೋಗವಾಗಲಿಲ್ಲ.

ನಡೆದದ್ದು ಇಷ್ಟು. ಸಂಘದವರು ನಮ್ಮೂರಿನ ಹನ್ನೆರಡು ಮಗ್ಗಗಳಿಗೆ ಒಂದೊಂದು ಯಂತ್ರ ಕೂರಿಸಿದ್ದರು. ಅದರೊಳಗಿನ ಪುಟ್ಟ ಕಂಪ್ಯೂಟರ್ ಬೋರ್ಡು ಅಂಚಿನ ಚಿತ್ರವನ್ನು ನೆನಪಿಟ್ಟುಕೊಂಡು, ಒಂದೊಂದು ಎಳೆ ಹಾಕುವಾಗಲೂ ಯಾವ ಯಾವ ದಾರ ಮೇಲೇಳಬೇಕೆಂದು ಹೇಳುತ್ತದೆ. ನಮ್ಮಲ್ಲಿ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಒಂದೇ ಹಾಸಿನ ಮೇಲೆ ಎಂಟು ಸೀರೆ ನೇಯುತ್ತಾರೆ. ಎಂಟನೆಯದು ಇಳಿಯುವ ತನಕ ಮಗ್ಗ ಮುಚ್ಚುವುದಿಲ್ಲ, ಹಾಗಾಗಿ ಯಂತ್ರವನ್ನೂ ಆರಿಸುವುದಿಲ್ಲ. ಹನ್ನೊಂದು ಮಗ್ಗ ಚೆನ್ನಾಗಿ ನಡೆದವು. ಅವ್ವನದು ಮಾತ್ರ ಆರನೇ ಸೀರೆಯಲ್ಲಿ ಕೈಕೊಟ್ಟಿತು. ನೇಯುವಾಗ ಸೀರೆಯ ಮುಖ ಕೆಳಗಿರುತ್ತದೆ, ಆಗಾಗ ಕನ್ನಡಿ ಹಿಡಿದು ನೋಡಬೇಕು. ಅವ್ವ ನೋಡುವಷ್ಟರಲ್ಲಿ ಆರು ಬೆರಳಗಲ ಅಂಚು ಹಾಳಾಗಿತ್ತು. ಬಿಚ್ಚೋಣವೆಂದರೆ ಯಂತ್ರ ಹಿಂದಕ್ಕೂ ಹೋಗದು.

"ಹನ್ನೊಂದು ಮಗ್ಗಕ್ಕ ಇಲ್ಲದ ರೋಗ ನಿಮ್ಮದಕ್ಕ ಯಾಕ ಬಂತವ್ವಾ? ಮೊಗುಲಮ್ಮನ್ನ ನೋಡ್ರಿ, ಎಂಟೂ ಇಳಿಸ್ಯಾಳ," ಎಂದರು ಶಿವಶಂಕರಪ್ಪ. ಪಕ್ಕದ ಮನೆಯ ಮೊಗುಲಮ್ಮ ನೇಯುವುದರಲ್ಲಿ ನಮ್ಮ ಓಣಿಗೇ ಜೋರು ಕೈ. ಅವಳ ಸೀರೆ ನಾನು ಉಡುವುದಿಲ್ಲ, ಅದು ಬೇರೆ ಮಾತು. ಕೆಟ್ಟ ತುಂಡನ್ನು ಕತ್ತರಿಸಿ ಕೊಡಿ ಎಂದು ಅವರು ಹೇಳಿದರೆ ಅವ್ವ ಒಪ್ಪಲಿಲ್ಲ. ಮಗ್ಗ ಹಾಗೇ ನಿಂತಿತು.

ನಾನು ಹತ್ತಿರದ ಮಕ್ತಲ್‌ನಲ್ಲಿ ಕಂಪ್ಯೂಟರ್ ಕಲಿಸುವವಳು. ಆ ಬೋರ್ಡನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು. ಎರಡು ವಾರ ಓದಿದೆ, ತಪ್ಪು ಸಿಗಲಿಲ್ಲ. ಎಲ್ಲೋ ದೂರದ ದೇಶದಲ್ಲಿ ಕೂತು ಆ ಭಾಗವನ್ನು ನೋಡಿಕೊಳ್ಳುವವನಿಗೆ ಬರೆದೆ. "ನಮ್ಮಲ್ಲಿ ಹಾಗಾಗುತ್ತಿಲ್ಲ. ಆರಿಸಿ ಮತ್ತೆ ಹಚ್ಚಿ," ಎಂದು ಒಂದು ಸಾಲು ಬಂತು. ಹಾಗೆ ಮಾಡಿದರೆ ಯಂತ್ರ ನಡೆದೀತು, ಅವ್ವನ ಮೇಲೆ ರಿಜಿಸ್ಟರಿನಲ್ಲಿ ಬರೆದದ್ದು ಅಳಿಯುವುದಿಲ್ಲ.

ಗದ್ವಾಲದ ಬಾಲಯ್ಯ ಎಂಬ ಹಿರಿಯ ನೇಕಾರನಿಗೆ ಕೊಟ್ಟಿದ್ದ ಯಂತ್ರವೂ ಹೀಗೇ ಕೈಕೊಟ್ಟು, ಶಿವಶಂಕರಪ್ಪ ಅದನ್ನು ವಾಪಸು ತಂದಿದ್ದರೆಂದು ಆಮೇಲೆ ಗೊತ್ತಾಯಿತು. ಮರುದಿನವೇ ಬಸ್ಸು ಹತ್ತಿದೆ. ಬಾಲಯ್ಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ.

"ಕಣ್ಣು ಹೋಗ್ಯಾವ ಬಿಡ್ಡಾ. ಮ್ಯಾನೇಜರ್ ಅಂದ್ರು, ಮಷೀನು ಚಲೋನ ಇತ್ತಂತ, ನಂದ ಗಲತಿ ಅಂತ. ಮಗ್ಗ ಬಿಟ್ಟೆ," ಎಂದ.

"ಹೆಂಗ ನೇಯತಿದ್ರಿ ತಾತಾ?"

"ಎಲ್ಲಾರ ಹಂಗ. ಎಳಿ ಸಡಿಲ ಬಿದ್ರ ಬಿಚ್ಚಿ ಮತ್ತ ಹಾಕತಿದ್ದೆ. ಹಂಗ ಬಿಟ್ರ ಅದು ಸೀರಿ ಅನಿಸಿಕೊಂತದೇನು?"

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಎಲ್ಲರೂ ಹಾಗೆ ಬಿಚ್ಚುವುದಿಲ್ಲ. ಅವ್ವ ಬಿಚ್ಚುತ್ತಾಳೆ, ಒಂದು ಸೀರೆಗೆ ನಲವತ್ತೈದು, ಐವತ್ತು ಸಲ. ಮೊಗುಲಮ್ಮ ಒಂದು ಸಲವೂ ಬಿಚ್ಚುವವಳಲ್ಲ.

ಎಳೆ ಬಿಚ್ಚಿದಾಗಲೆಲ್ಲ ಯಂತ್ರ ಚಿತ್ರದಲ್ಲಿ ಒಂದು ಸಾಲು ಹಿಂದಕ್ಕೆ ಹೋಗಬೇಕು. ಅವತ್ತೇ ಕೋಡಿನಲ್ಲಿ ಆ ಭಾಗವನ್ನು ಮಾತ್ರ ತೆರೆದು ನೋಡಿದೆ. ಚಿತ್ರದ ಪ್ರತಿ ಸಾಲನ್ನೂ ಪ್ರೊಸೆಸರ್ ತಾನೇ ಹೊತ್ತು ತಲುಪಿಸುವುದಿಲ್ಲ. ಮೆಮೊರಿಯ ಒಂದು ಜಾಗದಲ್ಲಿಟ್ಟು ಗುರುತು ಹೇಳುತ್ತದೆ, ಯಂತ್ರ ಅಲ್ಲಿಂದ ನೇರವಾಗಿ ಓದಿಕೊಳ್ಳುತ್ತದೆ. ಓದಿದ ಮೇಲೆ ಆ ಜಾಗ ಬಿಟ್ಟುಕೊಡಬೇಕು. ಮುಂದಕ್ಕೆ ಹೋಗುವಾಗ ಬಿಟ್ಟುಕೊಡುತ್ತಿತ್ತು. ಹಿಂದಕ್ಕೆ ಹೋಗುವಾಗ, ಮದುವೆಗೆಂದು ಒಯ್ದ ಪಾತ್ರೆ ವಾಪಸು ಕೊಡದವರ ಹಾಗೆ, ಇಟ್ಟುಕೊಂಡೇ ಬಿಡುತ್ತಿತ್ತು. ಇರುವುದೇ ಇನ್ನೂರ ಐವತ್ತಾರು ಜಾಗ. ಅವೆಲ್ಲ ಹೋದವೆಂದರೆ ಹೊಸ ಸಾಲಿಗೆ ಸ್ಥಳವಿಲ್ಲದೆ ಹಳೆಯ ಸಾಲನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಕಾಳಜಿಯಿಂದ ಬಿಚ್ಚಿ ನೇಯುವವರಿಗೇ ಈ ಶಿಕ್ಷೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನಾಲ್ಕು ಸಾಲು ಸೇರಿಸಿದರೆ ಸರಿಹೋಗುವ ತಪ್ಪು. ಬರೆದು ಕಳಿಸಿದೆ. "ಅಷ್ಟು ಸಲ ಹಿಂದಕ್ಕೆ ಯಾರೂ ಹೋಗುವುದಿಲ್ಲ. ಇದಕ್ಕಾಗಿ ಎಲ್ಲರ ಕೋಡು ಮುಟ್ಟುವುದು ಬೇಡ," ಎಂದು ಉತ್ತರ ಬಂತು.

"ಹೋಗುತ್ತಾರೆ," ಎಂದು ನಾನೂ ಬರೆದೆ. "ನನ್ನ ಮನೆಯಲ್ಲೇ ಒಬ್ಬರಿದ್ದಾರೆ. ನೀವು ನೋಡಿಲ್ಲ ಅಂದ ಮಾತ್ರಕ್ಕೆ ಅವರು ಇಲ್ಲದೆ ಹೋಗುವುದಿಲ್ಲ."

ಒಂದು ತಿಂಗಳಾದ ಮೇಲೆ ಅವನು ನನ್ನ ನಾಲ್ಕು ಸಾಲನ್ನು ಸೇರಿಸಿಕೊಂಡ. ಆದರೆ ಅಷ್ಟು ದಿನ ಕಾಯುವವರು ಯಾರು? ಕೋಡು ಎಲ್ಲರದು, ನನ್ನ ಅವ್ವನ ಯಂತ್ರಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ನಾನೇ ತಿದ್ದಿ ಬೋರ್ಡಿಗೆ ಹಾಕಿದೆ, ಶಿವಶಂಕರಪ್ಪನವರನ್ನು ಮನೆಗೆ ಕರೆದೆ.

ಅವರು ಕತ್ತರಿ ಹಿಡಿದುಕೊಂಡೇ ಬಂದರು. "ಆರಿಸಿ ಹಚ್ಚಿದ್ರ ಯಾವ ಮಷೀನಾದ್ರೂ ಸ್ವಲ್ಪ ಹೊತ್ತು ನಡೀತೈತಿ ಅಖಿಲಾ."

"ಹೌದ್ರಿ. ಅದಕ್ಕ ಎಣಸ್ರಿ. ಬಿಚ್ಚಾಕ ಮುನ್ನೂರು ಎಳಿ ಅದಾವ. ನಾ ತಿದ್ದಿದ್ದು ಸುಳ್ಳಾದ್ರ ಇನ್ನೂರ ಐವತ್ತಾರಕ್ಕ ನಿಂದರತೈತಿ. ನಿಂತ್ರ ಕತ್ರಿ ಹಾಕ್ರಿ, ನಾವು ಒಂದ್ ಮಾತೂ ಆಡಂಗಿಲ್ಲ."

ಅವ್ವ ಮಗ್ಗಕ್ಕೆ ಕೂತಳು. ಒಂದೊಂದೇ ಎಳೆ ಬಿಚ್ಚುತ್ತಾ ಹೋದಳು. ಮೊಗುಲಮ್ಮ ಬಂದು ಬಾಗಿಲಲ್ಲಿ ನಿಂತು, ಯಾರೂ ಹೇಳದಿದ್ದರೂ ಗಟ್ಟಿಯಾಗಿ ಎಣಿಸತೊಡಗಿದಳು. ನೂರಾಯಿತು, ಇನ್ನೂರಾಯಿತು. ಇನ್ನೂರ ಐವತ್ತೂ ಆಯಿತು. ಬರೆದದ್ದು ನಾನೇ ಆದರೂ ನನಗೇ ನಂಬಿಕೆ ಇರಲಿಲ್ಲ. ಇನ್ನೂರ ಐವತ್ತಾರು ಎಂದು ಮೊಗುಲಮ್ಮ ಬಾಗಿಲು ಬಿಟ್ಟು ಮಗ್ಗದ ಹತ್ತಿರ ಬಂದಳು. ಅವ್ವ ನನ್ನ ಮುಖವನ್ನೂ ನೋಡಲಿಲ್ಲ, ಪೆಡಲ್ ತುಳಿದಳು. ದಾರಗಳು ಮೇಲೆದ್ದವು.

"ಇನ್ನೂರ ಐವತ್ತೇಳು!" ಮೊಗುಲಮ್ಮ ಓಣಿಗೆ ಕೇಳುವ ಹಾಗೆ ಕೂಗಿದಳು.

"ಸಾಕವ್ವಾ, ನಂಬಿದೆ," ಎಂದರು ಶಿವಶಂಕರಪ್ಪ. ಅವ್ವ ನಿಲ್ಲಿಸಲಿಲ್ಲ. ಮುನ್ನೂರೂ ಬಿಚ್ಚಿ, ಕನ್ನಡಿ ಹಿಡಿದು ನೋಡಿ, ಆಮೇಲೆ ಬಾಯಿ ತೆರೆದಳು.

"ರಿಜಿಸ್ಟರ್ ತರಸ್ರಿ."

"ಅಂಚಿನ ಕೆಲಸ ನಿಮ್ಮದ ಐತಿ ತೊಗೋರಿ. ಆಮ್ಯಾಲ ತಿದ್ದತೀನಿ."

"ತಿದ್ದಬ್ಯಾಡ್ರಿ. ಹೊಡದು ಹಾಕಿ, ಬಾಜೂಕ ಖರೇದು ಬರೀರಿ. ಕೆಟ್ಟಿದ್ದು ಮಷೀನು ಅಂತ."

ಅವರು ರಿಜಿಸ್ಟರ್ ತರಿಸಿ, ಹಾಗೆಯೇ ಬರೆದು ಸಹಿ ಹಾಕಿದರು. ನಾನು ಓದಿ ಹೇಳಿದೆ. ಅವ್ವ ಎದ್ದು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ನಡೀರಿ, ಗದ್ವಾಲಕ್ಕ ಹೋಗೂಣು."

"ಗದ್ವಾಲಕ್ಕ ಯಾಕವ್ವಾ?"

"ಅಲ್ಲೊಬ್ರು ಹಿರೇರು, ನೀವು ಹೇಳಿದ್ದು ನಂಬಿ, ಕಣ್ಣು ಹೋಗ್ಯಾವಂತ ಮಗ್ಗ ಬಿಟ್ಟು ಕುಂತಾರ. ಹೋಗಿಲ್ಲಂತ ನಿಮ್ಮ ಬಾಯಿಲೇನ ಹೇಳ್ರಿ."